ಮನೆಯಳಿಯ ಡ್ರೈವರೂ ನೆಂಟ ಡ್ರೈವರೂ

“ಇವತ್ತಿನಿಂದ ಈ ಮನೆಯಲ್ಲಿ ಹಾಕೋದು, ತೆಗೆಯೋದು ಅನ್ನೋ ಮಾತೇ ಇಲ್ಲ! ಎಲ್ಲಾ ಶಾಶ್ವತ!” ಎಂದು ಬೆಳಗ್ಗೆ ಏಳು ಗಂಟೆಗೆ ನಾನು ಮುಷ್ಟಿ ಎತ್ತಿ ಘೋಷಿಸಿದೆ.

ನನ್ನ ಹೆಂಡತಿ ಪೇಪರಿನಿಂದ ತಲೆ ಎತ್ತದೆ, “ಮೊದ್ಲು ಹಲ್ಲಿನ ಸೆಟ್ ಹಾಕ್ಕೊಂಡು ಹೇಳಿ. ಬರೀ ಗಾಳಿ ಕೇಳಿಸ್ತು” ಎಂದಳು.

ಭೀಷ್ಮ ಮದುವೆಯಾಗದೆ ಉಳಿದಿದ್ದಕ್ಕೇ ಅವನ ಪ್ರತಿಜ್ಞೆ ಕೊನೆವರೆಗೆ ನಿಂತಿತು. ನಾನು ಲೋಟದಿಂದ ಹಲ್ಲು ತೆಗೆದು ಬಾಯಿಗಿಟ್ಟುಕೊಂಡು ಪ್ರತಿಜ್ಞೆಯನ್ನು ಎರಡನೇ ಸಲ ಮಾಡಿದೆ. ಎರಡನೇ ಸಲ ಮಾಡಿದ ಪ್ರತಿಜ್ಞೆಗೆ ಎರಡನೇ ಸಲ ಕಾಸಿದ ಚಹಾದಷ್ಟೇ ಮರ್ಯಾದೆ!

ನನ್ನ ಮೊಮ್ಮಕ್ಕಳನ್ನು ಕೇಳಿ ನೋಡಿ, ತಾತ ಹೇಳುವ ಕಥೆಗಳಲ್ಲಿ ನೂರಕ್ಕೆ ತೊಂಬತ್ತು ಸುಳ್ಳು ಅನ್ನುತ್ತಾರೆ. ಶುದ್ಧ ಅನ್ಯಾಯ! ತೊಂಬತ್ತೈದು. ಈಗ ಹೇಳುತ್ತಿರುವುದು ಉಳಿದ ಐದರಲ್ಲಿ ಒಂದು. ಹಾಗಾಗಿ ಅಷ್ಟೇನೂ ಚೆನ್ನಾಗಿರುವುದಿಲ್ಲ, ಸ್ವಲ್ಪ ಹೊಂದಿಕೊಳ್ಳಿ.

ಕಥೆಯ ನಾಯಕ ನನ್ನ ಭಾವಮೈದ, ನನ್ನ ಹೆಂಡತಿಯ ಒಬ್ಬನೇ ತಮ್ಮ. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ‘ಕಹಳೆ’ ಎಂದು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಹೇಳುವುದು ಅವನ ಉದ್ಯೋಗ. ಒಮ್ಮೆ ಆ ಮೈಕು ಕೆಟ್ಟು ಹನ್ನೊಂದು ತಿಂಗಳಾದರೂ ಯಾರಿಗೂ ಗೊತ್ತಾಗಲಿಲ್ಲ. ಅವನಿಗೂ! ಇನ್ನೊಮ್ಮೆ ಅವನು ಸೀನಿದ್ದನ್ನು ಕೇಳಿ ಮೂರನೇ ಅಂಕಣದ ಬಸ್ಸು ಅರ್ಧ ತಾಸು ಮುಂಚೆ ಹೊರಟೇಹೋಯಿತಂತೆ. ಇಂಥವನು ಹವ್ಯಾಸಿ ರೇಡಿಯೋದ ಹುಚ್ಚು ಹಿಡಿಸಿಕೊಂಡು, ನನಗೂ ಹಿಡಿಸಿ, ಇಬ್ಬರೂ ಒಟ್ಟಿಗೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆದೆವು. ಅವನಿಗೆ ರೇಡಿಯೋ ಯಾಕೆ ಬೇಕಿತ್ತೋ ಇವತ್ತಿಗೂ ತಿಳಿಯದು. ಕಿಟಕಿ ತೆಗೆದಿದ್ದರೆ ಸಾಕಿತ್ತು.

ನಾನು ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಮದುವೆಯಾಗಿ ಮಾವನ ಮನೆಗೇ ಬಂದು ಕೂತ ಮನೆಯಳಿಯ. ಕಹಳೆ ಆ ಮನೆಯ ಮಗ. ಆದರೆ ಕೆಲಸ ಸಿಕ್ಕಿದ್ದು ನಲವತ್ತು ಕಿಲೋಮೀಟರ್ ಆಚೆ. ಹೀಗೆ, ಬಂದವನು ಒಳಗೆ ಕೂತೆ, ಮನೆಯವನು ನೆಂಟನಾದ. ಅವನ ಕೋಣೆಯೇ ನನ್ನ ರೇಡಿಯೋ ಕೋಣೆ. ಬಂದಾಗಲೆಲ್ಲ ಬಾಗಿಲಲ್ಲಿ ನಿಂತು, “ಭಾವ, ಒಳಗೆ ಬರ್ಲಾ?” ಎಂದು ಕೇಳುತ್ತಿದ್ದ. ಆ ಕೇಳುವಿಕೆಗೆ ಗೋಡೆಯ ಸುಣ್ಣ ಉದುರುತ್ತಿತ್ತು.

ಆ ಗಂಟಲಲ್ಲೇ ಗಂಟಾಯಿತು. ಆಪರೇಷನ್ ಮಾಡಿದರು. ಗಂಟು ಹೋಯಿತು, ಜೊತೆಗೆ ದನಿಯೂ ಹೋಯಿತು.

ಆಮೇಲೆ ಇಬ್ಬರೂ ರೇಡಿಯೋಗೆ ಕಂಪ್ಯೂಟರ್ ಕಟ್ಟಿದೆವು. ಇಲ್ಲಿ ಕುಟ್ಟಿದ ಅಕ್ಷರವನ್ನು ಕಂಪ್ಯೂಟರಿನ ಸೌಂಡ್ ಕಾರ್ಡು ಕಿರ್‍ರ್ ಎನ್ನುವ ಶಬ್ದ ಮಾಡಿ ರೇಡಿಯೋಗೆ ಕೊಡುತ್ತದೆ. ಅದು ಗಾಳಿಯಲ್ಲಿ ಹೋಗಿ ಅವನ ಮನೆಯಲ್ಲಿ ಮತ್ತೆ ಅಕ್ಷರವಾಗುತ್ತದೆ. ಅದಕ್ಕಾಗಿ ನನ್ನ ರೇಡಿಯೋದ ಮೈಕನ್ನು ಕತ್ತರಿಸಿ ಅದರ ತಂತಿಯನ್ನೇ ಕಂಪ್ಯೂಟರಿಗೆ ಬೆಸೆದೆ. “ನೀನು ಮಾತಾಡಲ್ಲ ಅಂದ್ಮೇಲೆ ನಾನೂ ಮಾತಾಡಲ್ಲ ಕಣೋ, ಇಬ್ರೂ ಕುಟ್ಟೋಣ” ಎಂದು ದೊಡ್ಡ ತ್ಯಾಗಿಯ ಹಾಗೆ ಹೇಳಿದ್ದೆ.

ಫೋನಿನಲ್ಲಿ ಮೆಸೇಜು ಕಳಿಸಬಹುದಿತ್ತಲ್ಲ ಎಂದಿರಾ? ನಾನೂ ಅಂದೆ. ಅವನು ಚೀಟಿಯಲ್ಲಿ ಬರೆದು ತೋರಿಸಿದ: “ಫೋನಲ್ಲಿ ಕಳ್ಸಿದ್ರೆ ಅದು ಮೂಗನ ಚೀಟಿ. ರೇಡಿಯೋದಲ್ಲಿ ಕಳ್ಸಿದ್ರೆ ನಾನಿನ್ನೂ ಸ್ಟೇಷನ್ನು!”

ದಿನವೂ ಸಂಜೆ ಐದಕ್ಕೆ ಸ್ಟೇಷನ್ನು ತೆರೆಯುತ್ತಿತ್ತು. ಹೆಂಡತಿ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ತಮ್ಮನಿಗೆ ಬೈಗುಳ ಹೇಳುತ್ತಿದ್ದಳು, ನಾನು ಕುಟ್ಟುತ್ತಿದ್ದೆ. ಮಾತು ಮುಗಿಸುವಾಗ ನಾವು ರೇಡಿಯೋದವರು ‘73’ ಎಂದು ಹಾಕುತ್ತೇವೆ. ಅಂದರೆ ಶುಭವಾಗಲಿ ಎಂದು. ಇವಳಿಗೆ ಅದು ಯಾವತ್ತೂ ಸರಿಬರಲಿಲ್ಲ.

“ಎಪ್ಪತ್ಮೂರೇ ಯಾಕೆ? ನಿಮ್ಮ ಗಂಟೇನು ಹೋಗುತ್ತೆ? ನೂರು ಹಾಕಿ!”

ನಾನು ನೂರು ಹಾಕುತ್ತಿದ್ದೆ. ಇಡೀ ಜಗತ್ತಿನ ರೇಡಿಯೋ ಹವ್ಯಾಸಿಗಳಲ್ಲಿ ನೂರು ಪಡೆದವನು ಅವನೊಬ್ಬನೇ.

ಇದು ಸಂಜೆಯ ಕಥೆ. ಮಧ್ಯಾಹ್ನ ಹನ್ನೆರಡಕ್ಕೆ ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಕಾರ್ಯಕ್ರಮ. ಆಪರೇಷನ್ನಿನ ಹಿಂದಿನ ವಾರ ಬಂದಿದ್ದಾಗ ಅವನು ರೆಕಾರ್ಡ್ ಮಾಡಿಟ್ಟ ನಾಲ್ಕು ನಿಮಿಷದ ದನಿ. “ಪ್ರಯಾಣಿಕರ ಗಮನಕ್ಕೆ! ಅಕ್ಕನ ಮನೆಗೆ ಹೋಗುವ ಬಸ್ಸು ಇನ್ನೇನು ಹೊರಡಲಿದೆ! ಅಡುಗೆ ಆಗಿರದಿದ್ದರೆ ಅಕ್ಕನವರು ಈಗಲಾದರೂ ಒಲೆ ಹಚ್ಚತಕ್ಕದ್ದು!” ಆಮೇಲೆ ಅವನ ನಗು, ಕೆಮ್ಮು, ಮತ್ತೆ ನಗು. ಇವಳು ದಿನಾ ಒಂದು ಸಲ ಕೇಳುತ್ತಿದ್ದಳು. ಫೋನಿಗೆ ಹಾಕಿಕೊಡುತ್ತೇನೆ ಎಂದರೆ ಬೇಡ, ಅವನ ಕೋಣೆಯಲ್ಲೇ ಕೇಳಬೇಕು ಎನ್ನುತ್ತಿದ್ದಳು. ಕೇಳುವಾಗ ಯಾವಾಗಲೂ ಏನಾದರೊಂದು ಬಟ್ಟೆ ಮಡಿಸುತ್ತಿದ್ದಳು, ಮಡಿಸಿದ್ದನ್ನೇ ಬಿಚ್ಚಿ ಮಡಿಸುತ್ತಿದ್ದಳು.

ಅದಕ್ಕೇ ಇಕ್ಕಟ್ಟು. ಸೌಂಡ್ ಕಾರ್ಡು ಇದ್ದದ್ದು ಒಂದೇ. ಮಧ್ಯಾಹ್ನ ದನಿ ಕೇಳಲು ಅದಕ್ಕೊಂದು ಡ್ರೈವರು, ಸಂಜೆ ರೇಡಿಯೋ ಅಕ್ಷರಕ್ಕೆ ಬೇರೊಂದು ಡ್ರೈವರು. ಡ್ರೈವರು ಎಂದರೆ ಕಂಪ್ಯೂಟರಿನೊಳಗಿನ ಯಂತ್ರವನ್ನು ಆಡಿಸುವ ಸಣ್ಣ ಪ್ರೋಗ್ರಾಮು. ಒಬ್ಬ ಕೂತಿದ್ದಾಗ ಇನ್ನೊಬ್ಬ ಕೂರುವ ಹಾಗಿಲ್ಲ. ದಿನಾ ಸಂಜೆ ಐದಕ್ಕೆ ಮೊದಲು ನಾನು ದನಿಯ ಡ್ರೈವರನ್ನು ಎಬ್ಬಿಸಿ ಕಳಿಸಿ, ರೇಡಿಯೋದವನನ್ನು ಕರೆದು ಕೂರಿಸಬೇಕು.

“ಕಾರಿಗೆ ಗತಿ ಇಲ್ಲ, ಡ್ರೈವರ್ ಮಾತ್ರ ಇಬ್ರು!” ಎನ್ನುತ್ತಿದ್ದಳು ಇವಳು.

ಪ್ರತಿಜ್ಞೆಯ ಹಿಂದಿನ ದಿನ ಏನಾಯಿತೆಂದರೆ, ಇವಳು ದನಿ ಕೇಳುವುದನ್ನು ಅರ್ಧಕ್ಕೆ ನಿಲ್ಲಿಸಿ ಹಾಗೇ ಬಿಟ್ಟಿದ್ದಳು. ಐದಕ್ಕೆ ನಾನು ಎಷ್ಟು ಎಬ್ಬಿಸಿದರೂ ಆ ಡ್ರೈವರು ‘ಕೆಲಸದಲ್ಲಿದ್ದೇನೆ’ ಎಂದು ಕೂತೇ ಬಿಟ್ಟ. ಯಾಕೆಂದು ಪತ್ತೆ ಹಚ್ಚುವಷ್ಟರಲ್ಲಿ ಆರು ನಿಮಿಷ ಹೋಯಿತು. ಕೊನೆಗೆ ಕಹಳೆಯ ಅಕ್ಷರ ಬಂತು:

“ಭಾವ, ಆರು ನಿಮಿಷದಿಂದ ಒಬ್ನೇ ಕೂಗ್ತಿದೀನಿ. ಕೂಗಿದ್ರೆ ಯಾರಿಗೂ ಕೇಳಿಸ್ದೇ ಇರೋದು ನಂಗೆ ಅಭ್ಯಾಸ ಇಲ್ಲ. ನಾಳೆ ಡಾಕ್ಟ್ರ ಹತ್ರ ಹೋಗ್ತಿದೀನಿ. ಅವ್ರು ಏನಂದ್ರು ಅಂತ ಐದಕ್ಕೆ ನಾನೇ ಹೇಳ್ತೀನಿ. ಅಕ್ಕನ್ನ ಕೂರ್ಸು.”

ಅವತ್ತೇ ನಾನು ನಿರ್ಧರಿಸಿದೆ. ನಾಳೆ ಒಂದು ಸೆಕೆಂಡೂ ತಡವಾಗಕೂಡದು!

“ಕರ್ನಲ್‌ನ ಹೊಸದಾಗಿ ಕಟ್ತೀನಿ” ಎಂದು ಬೆಳಗ್ಗೆ ಹಲ್ಲುಸಮೇತ ವಿವರಿಸಿದೆ.

“ಅಯ್ಯೋ, ಸೈನ್ಯದೋರ ತಂಟೆ ನಿಮಗ್ಯಾಕೆ?”

“ಆ ಕರ್ನಲ್ ಅಲ್ವೇ! ಕಂಪ್ಯೂಟರಿನ ಯಜಮಾನ ಅಂತ ಇಟ್ಕೋ. ಈ ಡ್ರೈವರ್‌ಗಳನ್ನ ಎರಡು ಥರ ಇಟ್ಕೋಬೋದು. ಒಂದು ನೆಂಟನ ಥರ. ಬೇಕಾದಾಗ ಕರೆದ್ರೆ ಬರ್ತಾನೆ, ಕೆಲಸ ಆದ್ಮೇಲೆ ಹೋಗು ಅಂದ್ರೆ ಹೋಗ್ತಾನೆ. ಇನ್ನೊಂದು ಮನೆಯಳಿಯನ ಥರ. ಕರ್ನಲ್ ಕಟ್ಟುವಾಗ್ಲೇ ಒಳಗೆ ಸೇರ್ಸಿಬಿಡೋದು. ಕರೆಯೋದು ಬೇಡ, ಕಳಿಸೋದು ಬೇಡ. ಮಿಷನ್ ಎದ್ದಾಗ್ಲೇ ಅವನೂ ಎದ್ದು ಸಿದ್ಧವಾಗಿ ಕೂತಿರ್ತಾನೆ!”

“ಮನೆಯಳಿಯ ಎದ್ದು ಸಿದ್ಧವಾಗಿ ಕೂತಿದ್ದನ್ನ ನಾನಂತೂ ನೋಡಿಲ್ಲ” ಎಂದಳು. “ಇಬ್ರನ್ನೂ ಒಳಗೇ ಸೇರ್ಸಿದ್ರೆ ಕುರ್ಚಿ ಒಂದೇ ಅಲ್ವಾ?”

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಕಂಪ್ಯೂಟರನ್ನು ಒರೆಸುವುದಕ್ಕಷ್ಟೇ ಮುಟ್ಟಿದ ಹೆಂಗಸು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆ ಅದು. ನಾನು ಅದಕ್ಕೆ ಏನು ಉತ್ತರ ಕೊಟ್ಟೆ? “ನಿನಗೆ ಇದೆಲ್ಲಾ ತಿಳಿಯಲ್ಲ” ಎಂದೆ!

ನಮ್ಮ ಹಳೆಯ ಯಂತ್ರಕ್ಕೆ ಕರ್ನಲ್ ಕಟ್ಟಲು ಒಂಬತ್ತು ಗಂಟೆ ಬೇಕು. ನಾನು ದೊಡ್ಡ ಪಟ್ಟಿಯೊಂದನ್ನು ತೆರೆದು, ಯಾವುದು ಒಳಗೆ, ಯಾವುದು ಹೊರಗೆ ಎಂದು ಗುರುತು ಹಾಕುತ್ತಾ ಹೋದೆ. ದನಿಯ ಡ್ರೈವರು? ಒಳಗೆ! ರೇಡಿಯೋ ಡ್ರೈವರು? ಒಳಗೆ! ನಮ್ಮ ಮನೆಯಲ್ಲಿ ಇಲ್ಲದ, ಜನ್ಮದಲ್ಲಿ ನೋಡಿರದ ಯಂತ್ರಗಳ ಡ್ರೈವರುಗಳು? ಪಾಪ, ಅವೂ ಒಳಗಿರಲಿ! ಯಾರನ್ನೂ ಹೊಸ್ತಿಲಾಚೆ ನಿಲ್ಲಿಸದ ಮಹಾದಾನಿಯಾಗಿಬಿಟ್ಟೆ. ಯಂತ್ರ ಬಿಸಿಯಾಗಿ, ಬೆಕ್ಕು ಅದರ ಮೇಲೆ ಮಲಗಿ, ಬೆಕ್ಕೂ ಬಿಸಿಯಾಗಿ ಎದ್ದುಹೋಯಿತು. ನಾಲ್ಕು ಗಂಟೆಗೆ ಕೆಲಸ ಮುಗಿಯಿತು. ಹಳೆಯ ಕರ್ನಲ್ ಇದ್ದ ಜಾಗಕ್ಕೇ, ಅದೇ ಹೆಸರಿಗೇ, ಹೊಸದನ್ನು ಹೇರಿದೆ. ಯಂತ್ರವನ್ನು ಆರಿಸಿ ಹಚ್ಚಿದೆ.

ಇಬ್ಬರೂ ಅಳಿಯಂದಿರು ಎದ್ದರು. ದನಿಯವನು ಮೊದಲು ಎದ್ದ. ಎದ್ದವನೇ ಸೌಂಡ್ ಕಾರ್ಡಿನ ಮೇಲೆ ಕೂತ. ರೇಡಿಯೋದವನು ಬಂದು ನೋಡಿ, ‘ಜಾಗ ಬೇರೆಯವರ ವಶದಲ್ಲಿದೆ’ ಎಂದು ಒಂದು ಸಾಲು ಬರೆದು ಸುಮ್ಮನಾದ.

ನಾನು ದನಿಯವನಿಗೆ ಏಳು ಎಂದೆ. ಏಳಲಿಲ್ಲ. ದಿನಾ ಏಳುತ್ತಿದ್ದವನು ನೆಂಟ; ಇವನು ಕರ್ನಲ್‌ನ ಮೈಗೇ ಹೊಲಿದ ಅಳಿಯ. ಎಬ್ಬಿಸುವ ಆಜ್ಞೆಯೇ ಇಲ್ಲ. ಹೊಸದಾಗಿ ಕರ್ನಲ್ ಕಟ್ಟಿದರಷ್ಟೇ ಬಿಡುಗಡೆ. ಹಳೆಯದಕ್ಕೆ ಹಿಂದಿರುಗೋಣವೆಂದರೆ ಹಳೆಯದೆಲ್ಲಿ? ಹೊಸ ಹಗ್ಗ ಬಿಗಿಯುವ ಮೊದಲು ಹಳೆ ಹಗ್ಗ ಕತ್ತರಿಸಬೇಡ್ರೋ ಎಂದು ಮೂವತ್ತೆಂಟು ವರ್ಷ ಲಿಫ್ಟಿನ ಗುಂಡಿಯಲ್ಲಿ ನಿಂತು ಕೂಗಿದ ಬಾಯಿ ಇದು!

ಗಂಟೆ ಐದಾಯಿತು. ಇವಳು ಕುರ್ಚಿ ಎಳೆದುಕೊಂಡು ಕೂತಳು. ತಲೆ ಬಾಚಿಕೊಂಡು ಬಂದಿದ್ದಳು, ತಮ್ಮನಿಗೆ ಕಾಣುತ್ತದೆಯೋ ಎಂಬಂತೆ.

ರೇಡಿಯೋದಿಂದ ಕಿರ್‍ರ್ ಎಂದು ಶಬ್ದ ಬಂತು. ನಿಂತಿತು. ಹತ್ತು ಸೆಕೆಂಡು ಬಿಟ್ಟು ಮತ್ತೆ ಕಿರ್‍ರ್.

“ಇದು ಅವ್ನೇನಾ?”

“ಹೂಂ.”

“ಏನಂತಿದಾನೆ?”

“ಗೊತ್ತಾಗ್ತಿಲ್ಲ ಕಣೆ. ಮಿಷನ್‌ಗೆ ಕೇಳಿಸ್ತಿಲ್ಲ.”

“ನಂಗೆ ಕೇಳಿಸ್ತಿದೆಯಲ್ರೀ!”

ಕಿರ್‍ರ್. ಮತ್ತೆ ಕಿರ್‍ರ್. ನಾನು ಮೈಕಿಗಾಗಿ ಕೈ ಚಾಚಿದೆ. ಅವನಿಗೆ ದನಿ ಇಲ್ಲದಿದ್ದರೇನು, ಕಿವಿ ಇದೆ. ‘ತಡಿಯೋ, ಇಲ್ಲೇ ಇದ್ದೀವಿ’ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಕೈಗೆ ಸಿಕ್ಕಿದ್ದು ಮೈಕಿಲ್ಲದೆ ಕಂಪ್ಯೂಟರಿಗೆ ಬೆಸೆದಿದ್ದ ಬರೀ ತಂತಿ. ತ್ಯಾಗಿಯ ತ್ಯಾಗ!

ಇಪ್ಪತ್ತೈದು ನಿಮಿಷ ಅವನು ಕರೆದ. ನಾವಿಬ್ಬರೂ ಮುಂದೆ ಕೂತು ಕೇಳಿದೆವು. ಆಮೇಲೆ ಶಬ್ದ ನಿಂತಿತು. ಇವಳು ಎದ್ದುಹೋಗಿ ಅವನ ಮಗಳಿಗೆ ಫೋನ್ ಮಾಡಿದಳು.

“ಅತ್ತೆ, ನಾನು ಹೇಳ್ಬಾರ್ದಂತೆ” ಎಂದಿತು ಆ ಕಡೆಯ ದನಿ. “ಅಪ್ಪ ನನ್ನ ಮುಂದೆನೇ ಚೀಟಿ ಹಿಡ್ಕೊಂಡು ನಿಂತಿದಾರೆ. ‘ಡಾಕ್ಟ್ರ ವಿಷಯ ಸ್ಟೇಷನ್ನಿಂದಲೇ ಪ್ರಸಾರ. ಭಾವ ಏನೋ ಬಿಚ್ಚಿರ್ತಾನೆ, ನಾಳೆ ಐದರೊಳಗೆ ಮುಚ್ಚಕ್ಕೆ ಹೇಳು’ ಅಂತ ಬರ್ದಿದಾರೆ.”

ಹೇಳಬಾರದು ಎಂದದ್ದರಲ್ಲೇ ಅರ್ಧ ತಿಳಿಯಿತು. ಇವಳು ಫೋನ್ ಇಟ್ಟು ನನ್ನ ಕಡೆ ನೋಡಿದಳು. ಬೈಯಲಿಲ್ಲ. ಐವತ್ತು ವರ್ಷದಲ್ಲಿ ನನಗೆ ಭಯವಾದದ್ದು ಆಗಲೇ.

ಆಗಲೇ ಮತ್ತೆ ಕಟ್ಟಲು ಕೂತೆ. ಆತುರದಲ್ಲಿ ಎಲ್ಲೋ ತಪ್ಪು ಗುರುತು ಹಾಕಿದೆ. ಬೆಳಗ್ಗೆ ನೋಡಿದರೆ ಯಂತ್ರ ಅರ್ಧಕ್ಕೇ ನಿಂತು ನನ್ನ ಮುಖ ನೋಡುತ್ತಿತ್ತು. ಗಡಿಯಾರದಲ್ಲಿ ಮತ್ತೆ ಏಳು ಗಂಟೆ. ಈಗ ಲೆಕ್ಕ ಹೀಗಿತ್ತು: ಇಬ್ಬರನ್ನೂ ಮೊದಲಿನಂತೆ ನೆಂಟರನ್ನಾಗಿ ಮಾಡಬೇಕೆಂದರೆ ಕರ್ನಲ್ ಕಟ್ಟಿದ ಮೇಲೆ ನೆಂಟರನ್ನು ಬೇರೆಯಾಗಿ ಕಟ್ಟಬೇಕು, ಅದಕ್ಕೆ ಇನ್ನೂ ನಾಲ್ಕು ಗಂಟೆ. ಐದು ದಾಟಿಹೋಗುತ್ತದೆ. ಒಬ್ಬನನ್ನೇ ಒಳಗೆ ಕೂರಿಸಿ ಇನ್ನೊಬ್ಬನನ್ನು ಬಿಟ್ಟರೆ ನಾಲ್ಕಕ್ಕೆ ಮುಗಿಯುತ್ತದೆ.

ಇವಳನ್ನು ಕರೆದು ಕೇಳಿದೆ. “ರೇಡಿಯೋ ಕೂರಿಸಿದ್ರೆ ಮಧ್ಯಾಹ್ನದ ದನಿ ಇರಲ್ಲ. ಏನ್ಮಾಡ್ಲಿ?”

ಅವಳು ತುಂಬಾ ಹೊತ್ತು ಯೋಚಿಸಲಿಲ್ಲ. “ಅದು ಆವತ್ತಿನ ಮಾತು. ಇವತ್ತಿನ ಮಾತು ಬರ್ಲಿ.”

ಐದಕ್ಕೆ ಐದು ನಿಮಿಷ ಇರುವಾಗ ರೇಡಿಯೋ ಡ್ರೈವರು ಒಬ್ಬಂಟಿ ಅಳಿಯನಾಗಿ ಗತ್ತಿನಿಂದ ಎದ್ದು ಕೂತ. ಐದಕ್ಕೆ ಸರಿಯಾಗಿ ಕಿರ್‍ರ್ ಎಂದಿತು, ಪರದೆಯ ಮೇಲೆ ಅಕ್ಷರ ಮೂಡಿತು.

“ಭಾವ, ಮುಚ್ಚಿದ್ಯಾ?”

“ಮುಚ್ಚಿದೆ ಕಣೋ” ಎಂದು ಕುಟ್ಟಿದೆ.

“ಅಕ್ಕ ಇದಾಳಾ?”

“ಇದೀನಿ ಅಂತ ಹಾಕಿ. ನಿನ್ನೆಯಿಂದ ಇಲ್ಲೇ ಇದೀನಿ ಅಂತ ಹಾಕಿ.”

“ಡಾಕ್ಟ್ರು ಇನ್ನೊಂದ್ ಆಪರೇಷನ್ ಬೇಡ ಅಂದ್ರು. ಇನ್ನು ಕತ್ತರಿಸಕ್ಕೆ ನಿಮ್ಮತ್ರ ಏನೂ ಉಳಿದಿಲ್ಲ ಅಂದ್ರು. ಒಂದೆರಡು ತಿಂಗಳು ಅಂತೆ. ಇದು ನಿಲ್ದಾಣದ ಪ್ರಕಟಣೆ, ಯಾರೂ ಗಲಾಟೆ ಮಾಡ್ಬಾರ್ದು.”

ನಾನು ಕೀಲಿಗಳ ಮೇಲೆ ಬೆರಳಿಟ್ಟು ಕೂತೆ. ಅವನೇ ಮುಂದುವರಿಸಿದ.

“ಅಕ್ಕ, ನನ್ನ ಬಸ್ಸು ಇವತ್ತು ಹೊತ್ತಿಗೆ ಸರಿಯಾಗಿ ಹೊರಡ್ತಾ?”

ಹನ್ನೆರಡು ಗಂಟೆಯ ದನಿಯ ಮಾತು ಅದು. ಅವಳು ಅದನ್ನು ದಿನಾ ಕೇಳುವುದು ಅವನಿಗೆ ಗೊತ್ತಿತ್ತು. ನಾನು ಇವಳ ಕಡೆ ತಿರುಗಿದೆ.

“ಹೊರಡ್ತು ಅಂತ ಹಾಕಿ” ಎಂದಳು. “ಒಲೆ ಹಚ್ಚಿದೆ ಅಂತ ಹಾಕಿ.”

ಹಾಕಿದೆ. ಕೊನೆಗೆ ನೂರೂ ಹಾಕಿದೆ.

ಅಲ್ಲಿಂದ ನಲವತ್ತು ಸಂಜೆ. ದಿನವೂ ಐದಕ್ಕೆ ಸ್ಟೇಷನ್ನು ತೆರೆಯಿತು, ದಿನವೂ ಅವನು ಬಸ್ಸಿನ ವಿಷಯ ಕೇಳಿದ, ದಿನವೂ ಇವಳು ಹೊರಡಿಸಿದಳು. ಸುಳ್ಳು ಹೇಳುವುದರಲ್ಲಿ ನಾನೇ ಈ ಮನೆಗೆ ದೊಡ್ಡವನು ಎಂದುಕೊಂಡಿದ್ದೆ. “ಇಬ್ಬರನ್ನೂ ನೆಂಟರು ಮಾಡಿ ಮೊದ್ಲಿನ ಹಾಗೆ ಕಟ್ಲಾ?” ಎಂದು ಎರಡು ಸಲ ಕೇಳಿದೆ. “ಮುಟ್ಬೇಡಿ” ಎಂದಳು. ಎರಡು ಸಲವೂ ಅಷ್ಟೇ. ಹನ್ನೆರಡು ಗಂಟೆಗೆ ಮಾತ್ರ ಅಭ್ಯಾಸಬಲದಿಂದ ಆ ಕೋಣೆಗೆ ಬರುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು, ನಾಲ್ಕು ನಿಮಿಷವಾದ ಮೇಲೆ ಹೋಗುತ್ತಿದ್ದಳು.

ಅಕ್ಷರಗಳು ಕಡಿಮೆಯಾಗುತ್ತಾ ಬಂದವು. ಮೊದಮೊದಲು ಅರ್ಧ ಗಂಟೆ ಬರೆಯುತ್ತಿದ್ದವನು ಆಮೇಲೆ ಹತ್ತು ಸಾಲು, ಆಮೇಲೆ ಮೂರು. ನಲವತ್ತನೆಯ ಸಂಜೆ ಎರಡೇ ಸಾಲು ಬಂತು.

“ನಾಳೆ ಐದಕ್ಕೆ. ಅಕ್ಕ, ಭಾವ ಏನನ್ನೂ ಬಿಚ್ಚದ ಹಾಗೆ ನೋಡ್ಕೋ.”

ಮರುದಿನ ಐದಕ್ಕೆ ರೇಡಿಯೋದಲ್ಲಿ ಬರೀ ಗಾಳಿಯ ಸದ್ದು. ಇವಳು ಕಾದಳು. ನಾನು ಎಲ್ಲ ತಂತಿಗಳನ್ನೂ ನೋಡಿದೆ. ನೆನಪಿರಲಿ, ಅವತ್ತು ನಾನು ನನ್ನ ಯಂತ್ರ ಕೆಟ್ಟಿರಲಿ ಎಂದು ಬೇಡಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ಅದು ಒಂದು ತಪ್ಪೂ ಇಲ್ಲದೆ ಓಡುತ್ತಿತ್ತು. ಐದೂ ಕಾಲಿಗೆ ಫೋನ್ ಬಂತು. ಅವನ ಮಗಳು.

ನಾನು ಈಗಲೂ ಒಮ್ಮೊಮ್ಮೆ ಲೆಕ್ಕ ಹಾಕುತ್ತೇನೆ. ಡಾಕ್ಟರ ಹತ್ತಿರ ಹೋಗಿ ಬಂದ ದಿನದಿಂದ ಅವನ ಕೈಯಲ್ಲಿ ನಲವತ್ತೊಂದು ಸಂಜೆ ಇತ್ತು. ಒಂದನ್ನು ನಾನು ತಿಂದೆ. ಅವನು ಇಪ್ಪತ್ತೈದು ನಿಮಿಷ ಏನೇನು ಬರೆದು ಕರೆದನೋ, ಅದು ಗಾಳಿಗೆ ಗೊತ್ತು.

ಹದಿನೈದು ದಿನ ನಾನು ಆ ಕೋಣೆಗೆ ಹೋಗಲಿಲ್ಲ. ನಡುಮನೆಯ ದೊಡ್ಡ ಕುರ್ಚಿಯಲ್ಲೇ ಕೂತಿರುತ್ತಿದ್ದೆ. ಹದಿನಾರನೇ ದಿನ ನನ್ನಲ್ಲಿ ಹಳೆಯ ಶೌರ್ಯ ಮತ್ತೆ ತಲೆ ಎತ್ತಿತು. ಕರ್ನಲ್ ಬಿಚ್ಚಲು ಈಗ ಭಯವೇನು? ಐದು ಗಂಟೆಯ ಹಂಗಿಲ್ಲ, ರೇಡಿಯೋ ಅಳಿಯನ ಅಗತ್ಯವಿಲ್ಲ. ಪೊರಕೆ ಹಿಡಿದು ಬಂದ ಹೆಂಡತಿಗೆ ಹೇಳಿದೆ, ಹಲ್ಲು ಹಾಕಿಕೊಂಡೇ:

“ಕೇಳು. ಈ ಸಲ ಅವನ ದನಿಯ ಡ್ರೈವರನ್ನ ಒಳಗೇ ಸೇರ್ಸಿಬಿಡ್ತೀನಿ. ಶಾಶ್ವತ! ಇನ್ನು ಸಂಜೆ ಅಂತ ಯಾರೂ ಅವನನ್ನ ಎಬ್ಬಿಸಲ್ಲ. ಬೆಳಗ್ಗೆ ಬೇಕಾದ್ರೆ ಬೆಳಗ್ಗೆ, ಸಂಜೆ ಬೇಕಾದ್ರೆ ಸಂಜೆ. ಅವನು ಅಲ್ಲೇ ಕೂತಿರ್ತಾನೆ.”

ಅವಳು ಪೊರಕೆ ನಿಲ್ಲಿಸಿದಳು.

“ಬೇಡ.”

“ಯಾಕೆ? ನಿನಗೆ ಅಂತಾನೇ...”

“ನೀವೇ ಹೇಳಿದ್ರಲ್ಲ, ನೆಂಟ ಆದ್ರೆ ಕರೆದಾಗ ಬರ್ತಾನೆ ಅಂತ. ಒಳಗೇ ಕೂರ್ಸಿಬಿಟ್ರೆ ಆಮೇಲೆ ನಾನು ಕರೆಯೋದು ಯಾರನ್ನ?” ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. “ಇಬ್ಬರನ್ನೂ ನೆಂಟರನ್ನಾಗೇ ಕಟ್ಟಿ. ಹದಿಮೂರು ಗಂಟೆ ಆದ್ರೆ ಆಗ್ಲಿ. ಹನ್ನೆರಡಕ್ಕೆ ಅವನು ಬರ್ಲಿ, ಐದಕ್ಕೆ ಎದ್ದು ಹೋಗ್ಲಿ. ಅವನು ಯಾವತ್ತು ಇಲ್ಲಿ ಕೂತೇ ಇದ್ದ?”

ನಾನು ಹಲ್ಲಿನ ಸೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

“ಎಬ್ಬಿಸಿದ್ರೂ ಏಳದ ಮನೆಯಳಿಯ ಈ ಮನೆಗೆ ಒಬ್ರು ಸಾಕು” ಎಂದಳು. “ಕಾಲು ಎತ್ತಿ, ಗುಡಿಸ್ಬೇಕು.”

ನಾನು ಕಾಲು ಎತ್ತಿದೆ.